ಗೆದ್ದವನಿಗೆ ಒಂದೇ ಪೌಂಡ್

ನವೆಂಬರ್ ೯, ಶನಿವಾರ

ನಾರಿಸ್‌ನ ಮುಖ ಕಣ್ಣಿಂದ ಹೋಗುತ್ತಿಲ್ಲ. ಅಂಚೆ ಹಂಚುವವನು, ಫುಟ್ಬಾಲ್ ಮೇಲೆ ಯೋಚಿಸಿ ಬಾಜಿ ಕಟ್ಟಿ ಗೆಲ್ಲುತ್ತಲೇ ಇದ್ದ. ಇನ್ನು ಇವನಿಂದ ಒಂದು ಪೌಂಡಿಗಿಂತ ಹೆಚ್ಚು ತೆಗೆದುಕೊಳ್ಳಬೇಡಿ ಎಂದು ನಮ್ಮ ಗ್ರಿಮ್ಸ್‌ಬಿಯ ಬೆಟ್ಟಿಂಗ್ ಅಂಗಡಿಗೆ ಕಂಪನಿಯ ಮೇಲಿನವರಿಂದ ಅಪ್ಪಣೆ ಬಂತು. ಕೌಂಟರಿನಲ್ಲಿದ್ದ ನಾನೇ ಅವನಿಗೆ ಹೇಳಿದೆ.

“ನಾನೇನು ಮೋಸ ಮಾಡಿದ್ನೇನಮ್ಮಾ?” ಅಂದ.

ಇಲ್ಲ. ಗೆದ್ದ, ಅಷ್ಟೇ.

ಪಕ್ಕದಲ್ಲೇ ಅವನ ತಮ್ಮ ಗಾರ್ತ್ ಇದ್ದ. ಹೆಂಡತಿ ಬಿಟ್ಟುಹೋದ ಮೇಲೆ ವ್ಯಾನನ್ನೂ ಮಾರಿ ನಮ್ಮಲ್ಲೇ ಸೋತವನು. ಅವನಿಗೆಂದು ಕಂಪನಿ ಕಳಿಸಿದ್ದ ಪಂದ್ಯ ನೋಡುವ ಪುಕ್ಕಟೆ ಟಿಕೆಟ್ಟನ್ನು ನಾನೇ ಕೈಗಿಟ್ಟೆ.

“ನೋಡ್ದ್ಯಾ, ಮರ್ಯಾದೆ ಅಂದ್ರೆ ಇದು! ನೀನು ಒಂದೊಂದೇ ಪೌಂಡ್ ಕಟ್ಕೊಂಡಿರು,” ಎಂದು ಅಣ್ಣನನ್ನು ಹಂಗಿಸಿದ.

“ನೀನು ಸೋಲ್ತೀಯ ಅಂತ ಕೊಟ್ಟಿರೋದು ಕಣೋ, ದಡ್ಡಾ!”

ಗಾರ್ತ್‌ನ ನಗು ನಿಂತುಹೋಯಿತು. ನನ್ನ ಕಡೆ ತಿರುಗಿ, “ಹೌದೇನಮ್ಮಾ?” ಅಂದ.

ಹೌದು ಅಂದಿದ್ದರೆ ಬಾಜಿ ಕಟ್ಟದೆ ಹೋಗುತ್ತಿದ್ದನೋ ಏನೋ. ನನ್ನ ಹಿಂದೆ ಮ್ಯಾನೇಜರ್ ಲೋರ್ನಾ ನಿಂತಿದ್ದಳು.

“ಛೆ ಛೆ, ನೀವು ನಮಗೆ ತುಂಬಾ ಬೇಕಾದವರು,” ಅಂದೆ.

ಅವನ ಕಣ್ಣು ತುಂಬಿಬಂತು. ಅಣ್ಣ ಹಿಡಿದ ಕೈಯನ್ನು ಕೊಡವಿ, ಮನೆ ಬಾಡಿಗೆಯ ದುಡ್ಡನ್ನೆಲ್ಲ ಊರಿನ ತಂಡದ ಮೇಲೆ ಇಟ್ಟ. ತಂಡ ಸೋತಿತು. ಹೋಗುವಾಗ ನನಗೇ ಥ್ಯಾಂಕ್ಸ್ ಹೇಳಿ ಹೋದ.

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಸೋಲುವವನೇ ನಮಗೆ ಬೇಕಾದವನು; ಅದಕ್ಕೇ ಇಷ್ಟು ಚುಚ್ಚುತ್ತಿದೆ.