ನಿಷಾದದಲ್ಲಿ ನಿಂತ ಅಪ್ಪ

ಅಕ್ಕಾ,

ಇದನ್ನು ನೀನೊಬ್ಬಳೇ ಓದು. ಅಮ್ಮನಿಗೆ ಮಾತ್ರ ಕಛೇರಿ ಚೆನ್ನಾಯಿತು, ಹಾಲ್ ತುಂಬಿತ್ತು ಎಂದಷ್ಟೇ ಹೇಳು. ಎರಡೂ ಸುಳ್ಳಲ್ಲ.

ಗಂಟಲಿನ ಆಪರೇಷನ್ ಆದ ಮೇಲೆ ಅಪ್ಪ ನಿನ್ನೆಯೇ ಮೊದಲು ಹಾಡಿದ್ದು. ಹಿಂದೆ ತಂಬೂರಿ ಹಿಡಿದು ನಾನು. ಈ ಊರಿನವರು ಹಾಡಿನ ಮಧ್ಯೆ ಭಲೇ ಎನ್ನುವುದಿಲ್ಲ, ಕೆಮ್ಮುವುದೂ ಇಲ್ಲ. ಆಲಾಪನೆ ಮೆಲ್ಲಗೆ ಏರಿ ನಿಷಾದಕ್ಕೆ ಬಂತು. ಇನ್ನೊಂದೇ ಮೆಟ್ಟಿಲು, ಮೇಲಿನ ಷಡ್ಜ. ಅಲ್ಲೇ ನಿಂತರೆ ಕೇಳುವವರ ಜೀವ ಬಾಯಿಗೆ ಬರುತ್ತದೆ, ನಿನಗೆ ಗೊತ್ತಲ್ಲ. ಅಪ್ಪ ಬಾಯಿ ತೆರೆದರು, ಸ್ವರ ಬರಲಿಲ್ಲ. ಅವರು ಹಾಡದ ಸ್ವರವನ್ನು ಪಿಟೀಲು ತಾನಾಗಿ ಮುಟ್ಟುವಂತಿಲ್ಲ. ಪಿಟೀಲಿನವರು ಕಮಾನು ಎತ್ತಿಕೊಂಡೇ ಕೂತರು. ಆಗ ಅಪ್ಪ ತಿರುಗಿ ನೋಡದೆ, ಕೈ ಹಿಂದಕ್ಕೆ ಚಾಚಿ ನನ್ನ ಮೊಣಕಾಲು ಒತ್ತಿದರು. ನಾನು ಷಡ್ಜದ ತಂತಿಯನ್ನು ಜೋರಾಗಿ ಮೀಟಿದೆ. ಅಪ್ಪ ಮುಟ್ಟಲಾರದ್ದನ್ನು ತಂಬೂರಿ ಮುಟ್ಟಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಬಿಕ್ಕಿ ಬಿಕ್ಕಿ ಅತ್ತರು.

"ಎಂಥಾ ಕಲ್ಪನೆ ಸಾರ್! ಹಾಡದೇನೇ ಕೇಳಿಸಿಬಿಟ್ರಲ್ಲ! ನಾಳೆ ಕಛೇರೀಲೂ ಅಲ್ಲೇ ನಿಲ್ಲಿಸಿ," ಎಂದು ಕಛೇರಿ ಏರ್ಪಡಿಸಿದವರು ಕೈ ಕುಲುಕಿದರು.

"ನಿಲ್ಲಿಸೋಣ ಬಿಡಿ," ಎಂದು ಅಪ್ಪ ನಕ್ಕರು. ಮೊಣಕಾಲು ಒತ್ತಿದಾಗ ಅವರ ಅಂಗೈ ಒದ್ದೆಯಾಗಿದ್ದದ್ದು ನನಗೊಬ್ಬಳಿಗೇ ಗೊತ್ತು.

ಮಾತ್ರೆ ವಾರಕ್ಕಾಗುವಷ್ಟಿದೆ. ಆ ಸ್ವರ ಮತ್ತೆ ಬರುತ್ತದೆಯೋ ಎಂದು ಡಾಕ್ಟರನ್ನು ನೀನೇ ಕೇಳು. ಇಲ್ಲಿಗೆ ಫೋನ್ ಮಾಡಬೇಡ, ಅಪ್ಪನೇ ಎತ್ತಿ ಮಾತಿಗೆ ಕೂತುಬಿಡುತ್ತಾರೆ.

ಈಗ ಬಚ್ಚಲಲ್ಲಿದ್ದಾರೆ. ನನಗೆ ಕೇಳಿಸಬಾರದೆಂದು ನಲ್ಲಿ ಜೋರಾಗಿ ಬಿಟ್ಟುಕೊಂಡಿದ್ದಾರೆ. ಆದರೂ ಕೇಳಿಸುತ್ತಿದೆ: ನಿಷಾದದವರೆಗೆ ಬರುತ್ತಾರೆ, ನಿಲ್ಲುತ್ತಾರೆ, ಮತ್ತೆ ಕೆಳಗಿನಿಂದ ಶುರುಮಾಡುತ್ತಾರೆ.

ನೀರು ನಿಂತಿತು. ಈ ಕಾಗದ ಬಚ್ಚಿಡಬೇಕು.

ನಿನ್ನ ತಂಗಿ