ಅಟ್ಟಕ್ಕೇರಿದ ತೊಟ್ಟಿಲು

ಕುಷ್ಟಗಿ
ಬಹುಧಾನ್ಯ ಸಂವತ್ಸರ, ಜ್ಯೇಷ್ಠ ಶುದ್ಧ ಪಂಚಮಿ (೧೯೩೮)

ಹೈದರಾಬಾದಿನಲ್ಲಿ ಮಾಸ್ತರಿಕೆಯ ಪರೀಕ್ಷೆ ಬರೆದು ಮುಗಿಸಿದ ನನ್ನ ಯಜಮಾನರಿಗೆ ಶೇಖರಮ್ಮನ ಶರಣು.

"ನಾವೆಲ್ಲ ಕ್ಷೇಮ" ಎಂದು ಈ ಸಲ ಬರೆಯುವುದಿಲ್ಲ. ಕಾರಣ ಮುಂದೆ ಬರುತ್ತದೆ. ಅರ್ಧಕ್ಕೆ ಬಿಡದೆ ಓದಿರಿ.

ನನ್ನ ಕಾಗದ ನಿಮ್ಮಿಂದ ಮರಳಿ ಬಂತು. ಹೆಂಡತಿ ಬರೆದದ್ದನ್ನು ಕೆಂಪು ಮಸಿಯಿಂದ ತಿದ್ದಿ ವಾಪಸು ಕಳಿಸುವ ಗಂಡ ಈ ಸೀಮೆಯಲ್ಲಿ ನೀವೊಬ್ಬರೇ ಇರಬೇಕು. ಇನ್ನೂ ಮಾಸ್ತರರೇ ಆಗಿಲ್ಲ, ಆಗಲೇ ಈ ದರ್ಬಾರು! ಮೊದಲು ನಗು ಬಂತು. ಎರಡನೆಯ ಪುಟ ತಿರುವಿದ ಮೇಲೆ ನಗು ನಿಂತಿತು.

ದೀಪಾವಳಿಗೆ ಮುಂಚೆ ನೀವು ಒಲೆಯ ಪಕ್ಕದಲ್ಲಿ ಕೂತು ನನಗೆ ಅಲಂಕಾರಗಳನ್ನು ಕಲಿಸಿದ್ದು ನೆನಪಿದೆಯೇ? "ರೊಟ್ಟಿ ಚಂದ್ರನಂಗ ದುಂಡಗೈತಿ ಅಂದ್ರ ಉಪಮಾ. ರೊಟ್ಟೀನ ಚಂದ್ರ ಅಂದ್ಬಿಟ್ರ ರೂಪಕ," ಅಂದಿರಿ. "ಹಂಗಾರ ಸೀದಿದ್ದಕ್ಕ ಏನಂತಾರ್ರೀ?" ಎಂದು ನಾನು ಕೇಳಿದರೆ, "ಅದು ಚಂದ್ರನ ಮ್ಯಾಲಿನ ಕಪ್ಪು ಕಲಿ, ತಿಂದ್ಬಿಡೂದು," ಎಂದು ನಕ್ಕಿರಿ. ಇದ್ದದ್ದಕ್ಕಿಂತ ಹೆಚ್ಚು ಮಾಡಿ ಹೇಳಿದರೆ ಅತಿಶಯೋಕ್ತಿ ಎಂದು ಕಲಿಸಿದಿರಿ. ಕೂಸು ನಿಮ್ಮ ತೊಡೆಯ ಮೇಲೆ ಕೂತು ಪುಸ್ತಕದ ಕೊನೆಯ ಪುಟ ಚೀಪುತ್ತಿತ್ತು. ಆ ಪುಟದ ಪಾಠ ಬಾಕಿ ಇರುವಾಗಲೇ ನೀವು ಹೊರಟುಹೋದಿರಿ.

ಈಗ ನಿಮ್ಮ ಕೆಂಪು ಮಸಿಯ ವಿಚಾರ. "ಈ ಮನೆಯಲ್ಲಿ ನನ್ನೊಡನೆ ಮಾತನಾಡುವವರೇ ಇಲ್ಲ" ಎಂದು ಬರೆದಿದ್ದೆ. ಪಕ್ಕದಲ್ಲಿ ನೀವು "ಅತಿಶಯೋಕ್ತಿ. ಅವ್ವ, ಅಪ್ಪ ಇದ್ದಾರಲ್ಲ" ಎಂದು ಗೀಚಿದಿರಿ. ಅದರ ಕೆಳಗೆ, "ತೊಟ್ಟಿಲು ಅಟ್ಟ ಏರಿದೆ. ಜಂತಿಯಲ್ಲಿ ಹಗ್ಗ ಮಾತ್ರ ಉಳಿದಿದೆ" ಎಂದು ಬರೆದಿದ್ದೆ. ಅದಕ್ಕೆ, "ರೂಪಕ. ನಾನಿಲ್ಲದ ನಿನ್ನ ಮನಸ್ಸನ್ನು ಬರಿದಾದ ತೊಟ್ಟಿಲಾಗಿ ಕಂಡಿದ್ದೀ. ಗೆಳೆಯರಿಗೆ ಓದಿ ತೋರಿಸಿದೆ, ಎಲ್ಲರೂ ಭೇಷ್ ಅಂದರು" ಎಂದಿದ್ದೀರಿ.

ಅದು ರೂಪಕವಲ್ಲರೀ. ತೊಟ್ಟಿಲನ್ನು ನಿಜವಾಗಿಯೂ ಅಟ್ಟಕ್ಕೆ ಏರಿಸಿದ್ದೇವೆ. ನಮ್ಮ ಕೂಸು ಹೋಗಿಬಿಟ್ಟಿತು.

ಯುಗಾದಿ ಮುಗಿದ ವಾರ ಜ್ವರ ಬಂತು. ಪಕ್ಕದ ಮನೆಯ ಹಜರತಬೀ ನನ್ನ ಜೊತೆ ಕೂತು ಹಣೆಗೆ ತಣ್ಣೀರ ಬಟ್ಟೆ ಹಾಕುತ್ತಲೇ ಇದ್ದರು. ವೈದ್ಯರನ್ನು ಕರೆತರಲು ಮಾವ ಯಲಬುರ್ಗಾಕ್ಕೆ ಬಂಡಿ ಕಟ್ಟಿಕೊಂಡು ಹೋದರು. ಅವರು ಬರುವಷ್ಟರಲ್ಲಿ ಮುಗಿದಿತ್ತು. ಹೊಲದ ಬೇವಿನ ಬುಡದಲ್ಲಿ ಮಣ್ಣು ಮಾಡಿದರು. ನನ್ನನ್ನು ಕರೆದುಕೊಂಡು ಹೋಗಲಿಲ್ಲ.

ಅಂದೇ ಅತ್ತೆ ನನ್ನ ಕೈ ಹಿಡಿದುಕೊಂಡು, "ಪರೀಕ್ಷಾ ಮುಗಿಯೂತನಕ ಅವಗ ಬರೀಬ್ಯಾಡವ್ವಾ. ಎದಿ ಒಡಕೊಂತಾನ, ಓದು ಹಾಳಾಗತೈತಿ," ಅಂದರು. ಆಗಲಿ ಅಂದೆ. ನನ್ನ ಕಾಗದಗಳನ್ನು ಮಾವ ಓದಿ, ವಿಳಾಸ ಬರೆದು, ತಾವೇ ಟಪಾಲಿಗೆ ಹಾಕುತ್ತಾರೆಂದು ನಿಮಗೆ ಗೊತ್ತು. ಆದರೂ ತಡೆಯಲಾರದೆ ತೊಟ್ಟಿಲಿನ ಆ ಸಾಲು ಬರೆದುಬಿಟ್ಟೆ. ಮಾವ ಓದಿ, ಆ ಸಾಲನ್ನು ಹೊಡೆದುಹಾಕದೆ ಹಾಗೆಯೇ ಲಕೋಟೆಯೊಳಗೆ ಇಟ್ಟರು. ನೀವು ಓದಿದೊಡನೆ ಓಡಿ ಬರುತ್ತೀರೆಂದು ನಾನು ದಿನಾಲು ಬಾಗಿಲು ನೋಡಿದೆ. ಅವರೂ ನೋಡಿದರೆಂದು ಕಾಣುತ್ತದೆ.

ನೀವು ಬರಲಿಲ್ಲ, ಭೇಷ್ ಬಂತು.

ಮಾತನಾಡುವವರಿಲ್ಲ ಎಂದದ್ದೂ ಇದ್ದ ಸಂಗತಿಯೇ. ಮಾವ ನಸುಕಿಗೇ ಹೊಲಕ್ಕೆ ಹೋಗುತ್ತಾರೆ. ನನ್ನ ಮುಖ ನೋಡಿದರೆ ಅತ್ತೆಗೆ ಅಳು ಬರುತ್ತದೆ, ಅದಕ್ಕೆ ನೋಡುವುದೇ ಇಲ್ಲ. ಕೂಸಿನ ಹೆಸರನ್ನು ಯಾರೂ ಎತ್ತುವುದಿಲ್ಲ. ನಾನು ಹಿತ್ತಿಲಲ್ಲಿ ಎಮ್ಮೆಯ ಹತ್ತಿರ ನಿಂತು ಒಂದೊಂದು ಸಲ ಹೆಸರು ಹಿಡಿದು ಕರೆಯುತ್ತೇನೆ. ನನಗೆ ಬಹಳ ಒಂಟಿ ಅನ್ನಿಸುತ್ತದೆರೀ. ಇದಕ್ಕಿಂತ ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ.

ನೀವು ಬಿಟ್ಟುಹೋದ ಕೊನೆಯ ಪಾಠವನ್ನು ನಾನೇ ಓದಿಕೊಂಡೆ. ಕೂಸಿನ ಬಾಯಿಗೆ ಸಿಕ್ಕು ಮೂಲೆ ಮುದುಡಿದೆ, ಆದರೂ ಅಕ್ಷರಗಳು ಕಾಣುತ್ತವೆ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಸ್ವಭಾವೋಕ್ತಿ, ಅದೂ ಒಂದು ಅಲಂಕಾರವೇ ಎಂದು ಬರೆದಿದೆ. ಅದನ್ನು ನೀವು ಮೊದಲ ದಿನವೇ ಕಲಿಸಬೇಕಾಗಿತ್ತು ಎಂದು ನನಗೆ ಸಿಟ್ಟು ಬಂತು. ಕಲಿಸಿದ್ದರೂ ಬಿಡಿ, ಬರೆಯಲು ನನಗೆಲ್ಲಿ ಅಪ್ಪಣೆ ಇತ್ತು?

ನಿನ್ನೆ ನಿಮ್ಮ ಕಾರ್ಡು ಬಂತು. ಪರೀಕ್ಷೆ ಚೆನ್ನಾಗಿ ಆಯಿತು, ಫಲಿತಾಂಶ ತಿಳಿಯುವ ತನಕ ಗೆಳೆಯರ ಜೊತೆ ಅಲ್ಲೇ ಇರುತ್ತೇನೆ ಎಂದು. ಅತ್ತೆ, "ಇರ್ಲಿ ಬಿಡು, ಬಂದ ಮ್ಯಾಲ ಹೇಳಿದ್ರಾತು," ಅಂದರು. ನಾನು ಇನ್ನು ಕಾಯಲಾರೆ. ತೊಟ್ಟಿಲನ್ನು ಓಣಿಯಲ್ಲಿ ಬಸುರಿ ಇದ್ದವರೊಬ್ಬರು ಕೇಳಿದ್ದಾರೆ. "ನಿಮ್ಮ ಮಗ ಬಂದು ಒಮ್ಮೆ ಮುಟ್ಟುವ ತನಕ ಕೊಡುವುದಿಲ್ಲ" ಎಂದು ಮೊದಲ ಸಲ ಅತ್ತೆಗೆ ಎದುರು ಮಾತಾಡಿದ್ದೇನೆ. ಕೊಪ್ಪಳದ ಸ್ಟೇಶನ್ನಿನಲ್ಲಿ ಇಳಿದು ನೆಟ್ಟಗೆ ಮನೆಗೆ ಬನ್ನಿ. ನಾವಿಬ್ಬರೂ ಕೂಡಿ ಬೇವಿನ ಮರದ ತನಕ ಹೋಗಬೇಕು. ನೀವು ಬರದೆ ನನ್ನನ್ನು ಯಾರೂ ಅಲ್ಲಿಗೆ ಕಳಿಸುವುದಿಲ್ಲ.

ನಿಮ್ಮ ದಾರಿ ಕಾಯುವ,
ಶೇಖರಮ್ಮ

ತಾ.ಕ.: ಲಕೋಟೆಯ ಮೇಲೆ ನಿಮ್ಮ ಹೆಸರನ್ನು ನಾನೇ ಬರೆದಿದ್ದೇನೆ. ಹೆಂಡತಿ ಗಂಡನ ಹೆಸರು ಬರೆಯಬಾರದೆಂದು ಗೊತ್ತು. ಮಾವನಿಗೆ ಕೊಟ್ಟರೆ ಅತ್ತೆಯ ಮಾತಿಗೆ ಕಟ್ಟುಬಿದ್ದು ಈ ಕಾಗದ ಮನೆಯಲ್ಲೇ ಉಳಿಯುತ್ತಿತ್ತು, ಅದಕ್ಕೆ ಹಜರತಬೀ ಅವರ ಕೈಗೆ ಕೊಡುತ್ತಿದ್ದೇನೆ. ಇದನ್ನು ತಿದ್ದಬೇಡಿ. ಭೇಷ್ ಅಂದ ಗೆಳೆಯರಿಗೆ, "ಅದು ರೂಪಕವಾಗಿರಲಿಲ್ಲ, ನನ್ನ ಮಗಳ ತೊಟ್ಟಿಲು, ಅವಳ ಹೆಸರು ಕಳಕಮ್ಮ" ಎಂದು ಹೇಳಿರಿ. ಅಲ್ಲಿಯಾದರೂ ಯಾರಾದರೂ ಆ ಹೆಸರು ಅನ್ನಲಿ.