ಶ್ರದ್ಧಾಳ ಹೆಸರಿನಲ್ಲಿ ಐನೂರು ಪುಸ್ತಕ

ಮೂಡಲಗಿ
ಸೋಮವಾರ, ೧೪ ಜುಲೈ ೨೦೦೩

ಶ್ರದ್ಧಾಳ ಪಪ್ಪಾ ಅವರಿಗೆ, ಜಯ ಜಿನೇಂದ್ರ.

ಸಂಕೇಶ್ವರದಿಂದ ನೀವು ಬರೆದ ಕಾರ್ಡು ಹೋದ ಸೋಮವಾರ ಬಂತು. ನೀವು ಮನೆ ಬಿಟ್ಟ ಹತ್ತು ತಿಂಗಳಲ್ಲಿ ಇದೇ ಮೊದಲನೆಯದು. ಜಾಗ ಸಾಲದೆ ವಿಳಾಸದ ಬಾಜೂ ಕೂಡ ಬರೆದಿದ್ದೀರಿ. ಅಂಚೆಯ ಉದ್ದಪ್ಪ ಅದನ್ನು ಪೂರ್ತಿ ಓದಿಯೇ ಕೊಟ್ಟ, ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಇನ್ನು ಮೇಲೆ ಅಂಟಿಸುವ ಪತ್ರ ಹಾಕಿರಿ.

ಆಗಸ್ಟ್ ೨೯ಕ್ಕೆ ನಮ್ಮ ಹುಡುಗಿ ಹೋಗಿ ವರ್ಷ ತುಂಬುತ್ತದೆ. ಅವಳ ಹೆಸರಿನಲ್ಲಿ ಶಾಸ್ತ್ರದಾನ ಮಾಡಬೇಕು, ಒಳಗೆ ಅವಳ ಫೋಟೊ ಹಾಕಿಸಿ ಐನೂರು ಪುಸ್ತಕ ಬಸದಿಯಲ್ಲಿ ಹಂಚಬೇಕು, ಈ ಸಲ ನಿನ್ನ ಲೈಬ್ರರಿಗೆ ಬಂದ ಹೊಸ ಪುಸ್ತಕಗಳಲ್ಲಿ ಓದಲು ಯೋಗ್ಯವಾದದ್ದನ್ನು ನೀನೇ ಆರಿಸು ಎಂದಿದ್ದೀರಿ. ಕಥೆ ಬೇಡ ಎಂದೂ ಬರೆದಿದ್ದೀರಿ. ಅದು ಸರಿ. ಯಾವ ಕಥೆ ಹೇಳಿದರೂ ಅವಳು ಅರ್ಧಕ್ಕೇ ತಡೆದು, "ಇದು ಖರೇ ಐತೇನ ಮಮ್ಮಿ?" ಎಂದು ಕೇಳುತ್ತಿದ್ದಳು. ಅಲ್ಲ ಎಂದರೆ ಎದ್ದು ಹೋಗುತ್ತಿದ್ದಳು. ಏಳು ವರ್ಷದ ಹುಡುಗಿಗೆ ಇಷ್ಟು ಹಟ ಎಲ್ಲಿಂದ ಬಂತೆಂದು ಅತ್ತೆಯವರು ಕೇಳಿದರೆ ನೀವು ನನ್ನ ಕಡೆ ನೋಡುತ್ತಿದ್ದಿರಿ.

ಅತ್ತೆಯವರಿಗೆ ವ್ರತಕಥೆಯ ಪುಸ್ತಕವೇ ಆಗಬೇಕು. ಅಂಥವು ಮನೆಯಲ್ಲಿ ಹನ್ನೊಂದಿವೆ, ಎಲ್ಲವೂ ಯಾರದೋ ಪುಣ್ಯಸ್ಮರಣೆಯವು, ಒಂದನ್ನೂ ಯಾರೂ ಬಿಚ್ಚಿ ನೋಡಿಲ್ಲ ಎಂದೆ. ಮೂರು ದಿನ ಮಾತು ಬಿಟ್ಟರು. ನಿನ್ನೆ ಹುಣ್ಣಿಮೆಯಾಗಿ ಚಾತುರ್ಮಾಸ ಕೂಡಿತಲ್ಲ, ಬಸದಿಗೆ ಜತೆಯಲ್ಲಿ ಹೋಗಬೇಕಾಗಿ ಮತ್ತೆ ಮಾತಾಡಿದರು. ಎರಡಕ್ಕೂ ನನಗೆ ಏನೂ ಅನ್ನಿಸಲಿಲ್ಲ. ಈಗ ಯಾವುದಕ್ಕೂ ಅನ್ನಿಸುವುದಿಲ್ಲ. ಊಟ ಮಾಡುತ್ತೇನೆ, ರುಚಿ ಕೇಳಬೇಡಿರಿ.

ಇವತ್ತು ಲೈಬ್ರರಿಗೆ ವಾರದ ರಜೆ. ಹೊಸ ಗಂಟಿನಿಂದ ಮೂರು ಪುಸ್ತಕ ಮನೆಗೆ ತಂದು ಓದಿದ್ದೇನೆ. ಒಂದು, ನಿವೃತ್ತ ಕೃಷಿ ಅಧಿಕಾರಿಯೊಬ್ಬರು ಸವಳು ಭೂಮಿಯ ಬಗ್ಗೆ ಬರೆದದ್ದು. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ನೆಲ ಹೇಗೆ ಬೆಳ್ಳಗಾಯಿತೆಂದು ಕಲ್ಲೋಳಿಯ ಹೊಲಗಳಲ್ಲಿ ಓಡಾಡಿ, ಯಾರ ಮುಲಾಜೂ ಇಲ್ಲದೆ ಹೇಳಿದ್ದಾರೆ. ಒಳ್ಳೆಯ ಪುಸ್ತಕ. ಆದರೆ ಬಸದಿಯಲ್ಲಿ ತಗೊಂಡವರು ಮೊದಲು ತಮ್ಮ ಹೊಲದ ಹೆಸರಿದೆಯೋ ಎಂದು ನೋಡುತ್ತಾರೆ, ಇದ್ದರೆ ಜಗಳಕ್ಕೆ ಬರುತ್ತಾರೆ. ಎರಡನೆಯದು ಗೋಕಾಕದ ಮರದ ಹಣ್ಣು, ಗೊಂಬೆ ಮಾಡುವವರ ಬಗ್ಗೆ. ಬಣ್ಣದ ಚಿತ್ರಗಳಿವೆ. ಮರದ ಸೀತಾಫಲದ ಚಿತ್ರ ನೋಡಿ ಇದು ಖರೇ ಹಣ್ಣೋ ಅಲ್ಲವೋ ಎಂದು ನಾನೇ ಒಂದು ಗಳಿಗೆ ಕುಳಿತೆ. ಅದರ ಬೆಲೆ ನಮಗೆ ಎಟುಕುವುದಿಲ್ಲ.

ಮೂರನೆಯದು ಒಬ್ಬ ಬಸ್ ಕಂಡಕ್ಟರರ ಆತ್ಮಚರಿತ್ರೆ. ಮೂವತ್ತು ವರ್ಷ ಗೋಕಾಕ–ಸಂಕೇಶ್ವರ ದಾರಿಯಲ್ಲೇ ತಿರುಗಿದವರು. ನಮ್ಮ ಲೈಬ್ರರಿಯ ಶಿಪಾಯಿ ರಮಜಾನಸಾಬ ನನಗಿಂತ ಮೊದಲೇ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ಹುಕ್ಕೇರಿ ಸ್ಟ್ಯಾಂಡಿನಲ್ಲಿ ಮೇಕೆಗೆ ಅರ್ಧ ಟಿಕೆಟ್ ಕೊಟ್ಟ ಪ್ರಸಂಗವಿದೆ. ನಗುವ ಜಾಗ ಯಾವುದೆಂದು ನನಗೂ ಗೊತ್ತಾಯಿತು, ಪುಟದ ಮೇಲೆ ಬೆರಳಿಟ್ಟು ತೋರಿಸಬಲ್ಲೆ. ನಗು ಬರಲಿಲ್ಲ.

ಹಂಚಬೇಕಾದ್ದು ಈ ಮೂರೂ ಅಲ್ಲ. ಇದರ ಜತೆ ಕಳಿಸಿರುವ ನಾಲ್ಕನೆಯದು. ಅದು ಹೊಸದಲ್ಲ, ಹೋದ ವರ್ಷದ್ದು. ಹುಕ್ಕೇರಿ ಕಡೆಯ ನಿವೃತ್ತ ನರ್ಸಬಾಯಿಯೊಬ್ಬರು ಮಕ್ಕಳ ಬೇನೆಗಳ ಬಗ್ಗೆ ತಾವೇ ಖರ್ಚು ಹಾಕಿ ತಂದದ್ದು. ರಟ್ಟು ತೆಳು, ಅಕ್ಷರ ದಪ್ಪ, ಒಲೆ ಮುಂದೆ ಕುಳಿತು ಓದಬಹುದು. ಯಾವ ಜ್ವರಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು ಎಂಬುದನ್ನು ನಮ್ಮ ಮಾತಿನಲ್ಲೇ ಹೇಳಿದ್ದಾರೆ. ಪುನಃ ಅಚ್ಚು ಹಾಕಿಸಲು ಒಪ್ಪಿದ್ದಾರೆ. ಗೋಕಾಕದ ಪ್ರೆಸ್ಸಿನ ಶೆಟ್ಟೆಪ್ಪನವರಿಗೆ ತಿಂಗಳ ಕೊನೆಯೊಳಗೆ ಫೋಟೊ ಮುಟ್ಟಬೇಕಂತೆ. ಶಾಸ್ತ್ರ ಬಿಟ್ಟು ದವಾಖಾನೆ ಪುಸ್ತಕ ಹಂಚುತ್ತಾರೇನೆಂದು ಅತ್ತೆಯವರು ಕೇಳಿದರು. ಶಾಸ್ತ್ರ ಇಷ್ಟೇ ಖರೇ ಇದ್ದರೆ ಅದನ್ನೇ ಹಂಚೋಣ ಎಂದೆ. ನನ್ನ ನಾಲಗೆ ನಿಮಗೆ ಗೊತ್ತೇ ಇದೆ.

ಅದೇ ನಾಲಗೆಯ ಇನ್ನೊಂದು ಮಾತಿದೆ. ಕಾರ್ಡಿನಲ್ಲಿ ನೀವು ತಪ್ಪು ನನ್ನದು ಎಂದು ಎರಡು ಸಲ ಬರೆದಿದ್ದೀರಿ. ನೀನು ಬಾ ಎಂದರೆ ಬರುತ್ತೇನೆ ಎಂದೂ ಬರೆದಿದ್ದೀರಿ. ಆ ದಿನ ಮೆಣಸಿನಕಾಯಿ ವ್ಯಾಪಾರಕ್ಕೆ ಹುಕ್ಕೇರಿಗೆ ಹೋದವರು ಮಧ್ಯಾಹ್ನಕ್ಕೆ ಬರುತ್ತೇನೆಂದು ಸಂಜೆ ಐದಕ್ಕೆ ಬಂದಿರಿ, ಖರೆ. ಗಾಡಿ ನಿಮ್ಮ ಹತ್ತಿರವಿತ್ತು. ನಾನು ಟೆಂಪೊ ಹಿಡಿದು ಗೋಕಾಕ ಮುಟ್ಟುವಾಗ ಮೂರು ದಾಟಿತ್ತು. ಮೆದುಳು ಜ್ವರ ಎಂದರು. ಸಂಜೆಗೆ ಎಲ್ಲ ಮುಗಿಯಿತು. ನೀವು ದವಾಖಾನೆಯ ಮೆಟ್ಟಿಲು ಹತ್ತುವಾಗಲೇ, ಅತ್ತೆಯವರು, ನೇಮಣ್ಣ ಕಾಕಾ ಎಲ್ಲರೂ ಕೇಳುವಂತೆ ನಾನು ಅಂದೆ: "ನೀವು ಮಧ್ಯಾಹ್ನಕ್ಕ ಬಂದಿದ್ರ ನಮ್ಮ ಹುಡುಗಿ ಉಳೀತಿತ್ತು."

ನೀವು ಸೂತಕ ಕಳೆದ ಮರುದಿನ ಸಂಕೇಶ್ವರದ ಅಂಗಡಿ ಮಾಳಿಗೆಗೆ ಹೋದಿರಿ. ಓಣಿಯಲ್ಲಿ ಇಂದಿಗೂ ಆ ಮಾತೇ ನಡೆದಿದೆ. ಗಂಡ ಹೊತ್ತಿಗೆ ಬರಲಿಲ್ಲ, ಹುಡುಗಿ ಹೋಯಿತು ಅಂತ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹತ್ತು ತಿಂಗಳು ನಾನು ಅದನ್ನು ಕೇಳಿಸಿಕೊಂಡು ಸುಮ್ಮನಿದ್ದೆ. ಡಾಕ್ಟರು ನನಗೆ ಹೇಳಿದ್ದು, ಹುಡುಗಿಯನ್ನು ಬೆಳಗ್ಗೆಯೇ ತರಬೇಕಿತ್ತು ಎಂದು. ಬೆಳಗ್ಗೆ ಎಂದವರು ಅವರು. ಮಧ್ಯಾಹ್ನ ಎಂದವಳು ನಾನು.

ಅರ್ಪಣೆಯ ಸಾಲಿನಲ್ಲಿ ನಮ್ಮಿಬ್ಬರ ಹೆಸರೂ ಹಾಕಿಸೋಣ ಎಂದಿದ್ದೀರಿ. ನಿಮ್ಮದು, ಅತ್ತೆಯವರದು ಇರಲಿ, ನನ್ನದು ಬೇಡ. ಅವಳ ಸಾಲಿ ಫೋಟೊ ಕಪಾಟಿನಲ್ಲಿದೆ. ಅದನ್ನು ನಾನು ಪ್ರೆಸ್ಸಿಗೆ ಒಯ್ಯುವುದಿಲ್ಲ, ನೀವು ಬಂದು ಒಯ್ಯಬೇಕು. ಬರುವುದು ಬಿಡುವುದನ್ನು ಕೆಳಗಿನದನ್ನು ಓದಿದ ಮೇಲೆ ನಿರ್ಧರಿಸಿರಿ. ನೀವು ಬರಬೇಕೆಂದು ನನಗಿದೆ. ಏನೂ ಅನ್ನಿಸುವುದಿಲ್ಲ ಎಂದು ಮೇಲೆ ಬರೆದೆನಲ್ಲ, ಇದೊಂದು ಉಳಿದಿದೆ.

ನಿಮ್ಮ ಮನೆಯಲ್ಲೇ ಇರುವ,
ಆರತಿ

ತಾ.ಕ.: ಲೈಬ್ರರಿಗೆ ಬಂದ ಪ್ರತಿ ಪುಸ್ತಕಕ್ಕೂ ಮೊದಲ ಪುಟ, ಕೊನೆಯ ಪುಟ ಅಲ್ಲದೆ ಒಳಗಿನ ಒಂದು ಗುಪ್ತ ಪುಟಕ್ಕೂ ನಮ್ಮ ಹೆಸರಿನ ಸಿಕ್ಕಾ ಹೊಡೆಯುತ್ತೇವೆ. ಕದ್ದವರು ರಟ್ಟು ಹರಿದರೂ ನಮ್ಮದೆಂದು ಗುರುತು ಸಿಗಲಿ ಎಂದು. ನಮ್ಮದು ಇಪ್ಪತ್ತೊಂದನೆಯ ಪುಟ. ಕಳಿಸಿದ ಪುಸ್ತಕದಲ್ಲಿ ಅದನ್ನು ತೆಗೆದು ನೋಡಿರಿ. ಜ್ವರದ ಜತೆ ಮಗುವಿಗೆ ಗದ್ದ ಎದೆಗೆ ತಾಗಿಸಲು ಆಗದಿದ್ದರೆ ಒಂದು ಗಳಿಗೆಯೂ ಕಾಯಬೇಡಿ ಎಂದು ಅಲ್ಲಿದೆ. ಆ ಬೆಳಗ್ಗೆ ನೀವು ಗಾಡಿ ಹತ್ತಿದ ಮೇಲೆ, ಮೈ ಬೆಚ್ಚಗಿದ್ದ ಅವಳು ಚಪ್ಪಲಿ ಹಾಕಿಕೊಳ್ಳಲು ಬಗ್ಗಲಾರದೆ ಗೋಣು ನೋಯುತ್ತದೆ ಎಂದಳು. ಮಲಗುವಾಗ ಉಳುಕಿರಬೇಕೆಂದು ನಾನು ರೂಢಿಯಂತೆ ಅವಳ ದಿಂಬನ್ನು ಬಿಸಿಲಿಗೆ ಹಾಕಿ, ಮಧ್ಯಾಹ್ನದವರೆಗೆ ಕಾದೆ. ಪುಸ್ತಕ ಲೈಬ್ರರಿಗೆ ಬಂದದ್ದು ಅದಕ್ಕೂ ಇಪ್ಪತ್ಮೂರು ದಿನ ಮೊದಲು, ಆಗಸ್ಟ್ ೬ಕ್ಕೆ. ಆ ಪುಟಕ್ಕೆ ಸಿಕ್ಕಾ ಹೊಡೆದವಳು ನಾನೇ. ಮಸಿ ಎದುರು ಪುಟಕ್ಕೆ ಹತ್ತಬಾರದೆಂದು ಮುಖದ ಹತ್ತಿರ ಹಿಡಿದು ಊದಿ ಊದಿ ಒಣಗಿಸಿದೆ. ಓದಲಿಲ್ಲ.